ಎರಡು ಪಟ್ಟಣಗಳ ನಡುವೆ ಒಂದು ಹೊಲ

ಬೆಂಗಳೂರು ಒಂದು ತುದಿ, ಮೈಸೂರು ಇನ್ನೊಂದು ತುದಿ. ನಡುವೆ ಇರುವ ಸಣ್ಣ ರೈತನಿಗೆ ಯಾವ ಊರು ಏನು ಕೊಟ್ಟಿತು, ಏನು ಕಿತ್ತುಕೊಂಡಿತು?

2025ರ ದೀಪಾವಳಿಗೆ ಅಕ್ಕ-ಭಾವ ಮಕ್ಕಳ ಸಮೇತ ಮನೆಗೆ ಬಂದಿದ್ದರು. ಜಗಲಿಯ ಮೇಲೆ ಕೂತು ಹುಡುಗರು ಒಂದು ವಾದ ತೆಗೆದರು. ಅಮೆರಿಕದಲ್ಲಿ ನ್ಯೂಯಾರ್ಕ್ ದೊಡ್ಡದೋ, ಲಾಸ್ ಏಂಜಲೀಸ್ ದೊಡ್ಡದೋ? ಒಬ್ಬ ಹೇಳಿದ, ನ್ಯೂಯಾರ್ಕಿನಲ್ಲಿ ಷೇರುಪೇಟೆ ಇದೆ, ಲೋಕದ ದುಡ್ಡೆಲ್ಲ ಅಲ್ಲಿ ಓಡಾಡುತ್ತದೆ ಅಂತ. ಇನ್ನೊಬ್ಬ ಹೇಳಿದ, ಲಾಸ್ ಏಂಜಲೀಸಿನಲ್ಲಿ ಹಾಲಿವುಡ್ ಇದೆ, ಲೋಕದ ಜನ ಏನು ಉಡಬೇಕು, ಏನು ಕನಸು ಕಾಣಬೇಕು ಅನ್ನೋದನ್ನ ಆ ಊರು ಹೇಳಿಕೊಡುತ್ತದೆ ಅಂತ.

ಭಾವ ಎಲೆ ಅಡಿಕೆ ಮೆಲ್ಲುತ್ತಾ ಸುಮ್ಮನೆ ಕೇಳುತ್ತಿದ್ದರು. ಅವರ ಪಕ್ಕದಲ್ಲೇ ಮಾರಾಟವಾಗದೆ ಉಳಿದ ಬೂದುಗುಂಬಳದ ರಾಶಿ. ಅದನ್ನು ತೋರಿಸಿ, "ಅಮೆರಿಕದ ಮಾತು ಆಮೇಲಿರಲಿ ಕಣ್ರಪ್ಪ. ಈ ಕಾಯಿ ಯಾಕೆ ಇಲ್ಲೇ ಕೂತೈತೆ ಅಂತ ನಿಮ್ಮ ಮಾವನ್ನ ಕೇಳಿ. ಅದರಲ್ಲೇ ಎರಡು ಊರಿನ ಕತೆ ಐತೆ" ಅಂದರು.

ನನಗೆ ಆಗ ಮುಜುಗರವಾಯಿತು. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಮೀನು ಎಲ್ಲಿದೆ?

ಕೆಂಗೇರಿಯಿಂದ ಆಚೆ, ಮೈಸೂರು ರಸ್ತೆಯಿಂದ ಒಳಗೆ ನಮ್ಮದು ಎರಡೂವರೆ ಎಕರೆ. ರಾಗಿ, ಅವರೆ, ಸ್ವಲ್ಪ ಸೊಪ್ಪು, ಹೂವು, ಬೂದುಗುಂಬಳ. ಭಾವನದು ತಿರುಮಕೂಡಲು ನರಸೀಪುರದ ಕಡೆ ನಾಲೆ ನೀರಿನ ಜಮೀನು. ಭತ್ತದ ಜೊತೆ ಒಂದಿಷ್ಟು ವೀಳ್ಯದೆಲೆ. ನಾನು ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುವವನು, ಅವರು ಮೈಸೂರಿಗೆ. ಆದ್ದರಿಂದ ಎರಡೂ ಊರಿನ ಗುಣ ನಮ್ಮ ಮನೆಯಲ್ಲೇ ಚರ್ಚೆಗೆ ಬರುತ್ತದೆ.

ಹೆಸರು ಅಲ್ಲಿಯದು, ಅಂಗಡಿ ಇಲ್ಲಿಯದು

1831ರಲ್ಲಿ ಇಂಗ್ಲಿಷರು ಮೈಸೂರು ಅರಸರಿಂದ ಆಡಳಿತ ಕಿತ್ತುಕೊಂಡು ಬೆಂಗಳೂರಿನಿಂದ ರಾಜ್ಯ ನಡೆಸತೊಡಗಿದರು. 1881ರಲ್ಲಿ ಅರಸರಿಗೆ ರಾಜ್ಯ ವಾಪಸು ಬಂತು. ಆದರೆ ಕಚೇರಿಗಳು ಬೆಂಗಳೂರಿನಲ್ಲೇ ಉಳಿದವು. ಸಿಂಹಾಸನ ಮೈಸೂರಿನಲ್ಲಿ, ಕಡತ ಬೆಂಗಳೂರಿನಲ್ಲಿ. ಅಂದಿನಿಂದ ಒಂದು ಊರಿಗೆ ಹೆಸರು, ಇನ್ನೊಂದಕ್ಕೆ ವ್ಯವಹಾರ ಅನ್ನೋ ಹಾಗಾಯಿತು.

ರಾಜಾಜಿನಗರಕ್ಕೆ ಹೋಗಿ ನೋಡಿ. ಮೈಸೂರು ಸ್ಯಾಂಡಲ್ ಸೋಪು ಕಾಯಿಸುವುದು ಅಲ್ಲಿ. ಗಂಧದ ಎಣ್ಣೆ ಕಾರ್ಖಾನೆ 1916ರಲ್ಲಿ ಮೈಸೂರಿನಲ್ಲಿ ಶುರುವಾಯಿತು. ಸೋಪಿನ ಕಾರ್ಖಾನೆ 1918ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1957ರಲ್ಲಿ ಈಗಿನ ಜಾಗಕ್ಕೆ ಬಂತು. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕಿನ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲೇ ಇತ್ತು. 2017ರಲ್ಲಿ ಆ ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದರೂ ಸರ್ಕಲ್ಲಿಗೆ ಮೈಸೂರು ಬ್ಯಾಂಕ್ ಸರ್ಕಲ್ ಅನ್ನೋ ಹೆಸರು ಹೋಗಿಲ್ಲ. ನಾವು ಹೂವು ಇಳಿಸುವ ಕೃಷ್ಣರಾಜೇಂದ್ರ ಮಾರ್ಕೆಟ್ಟಿಗೂ ಮೈಸೂರಿನ ದೊರೆಯ ಹೆಸರು. ವಿಜಯನಗರದ ಹೋಟೆಲಿನಲ್ಲಿ ಮೈಸೂರು ಮಸಾಲೆ ದೋಸೆ, ಬಸವೇಶ್ವರನಗರದ ಬೇಕರಿಯಲ್ಲಿ ಮೈಸೂರು ಪಾಕು.

ರೇಡಿಯೋ ಕತೆಯೂ ಹಾಗೇ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. 1955ರಲ್ಲಿ ಆ ನಿಲಯ ಬೆಂಗಳೂರಿಗೆ ಬಂತು. ಹೆಸರು ದೇಶಕ್ಕೆಲ್ಲ ಹರಡಿತು.

ಹೆಸರಿದ್ದರೆ ಸಾಲದು

ಹೆಸರಿನಿಂದ ರೈತನಿಗೆ ಲಾಭವಿಲ್ಲವೇ? ಇದೆ. ಭಾವನ ವೀಳ್ಯದೆಲೆ ಅದಕ್ಕೆ ಸಾಕ್ಷಿ. ಮೈಸೂರು ಎಲೆ ಅಂದರೆ ಕೊಳ್ಳುವವರು ಚೌಕಾಸಿ ಕಡಿಮೆ ಮಾಡುತ್ತಾರೆ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ.

ಆದರೆ ಭಾವನೇ ಹೇಳುವ ಹಾಗೆ, "ಹೆಸರಿಗೆ ನೀರು ಹಾಕಿದರೆ ಗಿಡ ಬೆಳೆಯಲ್ಲ." ರಸಬಾಳೆಗೆ ಪನಾಮ ಸೊರಗು ರೋಗ ಬಂದು ತೋಟಗಳೇ ಖಾಲಿಯಾದವು. ಮಲ್ಲಿಗೆ ಬೆಳೆಯುತ್ತಿದ್ದ ಜಾಗಗಳಲ್ಲಿ ಬಡಾವಣೆ ಎದ್ದವು. ಬೆಂಗಳೂರಿನ ಕತೆ ಬೇರೆಯೇನಲ್ಲ. ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ ಕೂಡ ಅದೇ ಪಟ್ಟಿಯಲ್ಲಿವೆ. ಹೆಸರಿನಲ್ಲಿ ಬೆಂಗಳೂರು ಇದೆ, ಬೆಳೆ ಹುಡುಕಬೇಕಾದರೆ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋಗಬೇಕು.

ದುಡ್ಡಿನ ಊರು ಕೊಟ್ಟದ್ದು, ತೆಗೆದುಕೊಂಡದ್ದು

ಬೆಂಗಳೂರಿನ ಗುಣ ಏನಪ್ಪಾ ಅಂದರೆ, ಏನು ತಂದರೂ ಅಲ್ಲಿ ಹೊಟ್ಟೆ ಇದೆ. ಒಂದು ಮೂಟೆ ಸೊಪ್ಪಿರಲಿ, ಒಂದು ಲಾರಿ ಟೊಮೇಟೊ ಇರಲಿ, ಕಾಸು ಆಗುತ್ತದೆ. 1959ರಲ್ಲಿ ಶುರುವಾದ ಹಾಪ್‌ಕಾಮ್ಸ್ ನಮ್ಮಂಥವರಿಗೆ ತೂಕದಲ್ಲಿ, ಬೆಲೆಯಲ್ಲಿ ಒಂದು ಧೈರ್ಯ ಕೊಟ್ಟಿತು. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದಿಂದ ರಾಗಿ ತಳಿಗಳು ಬಂದವು. ಇದನ್ನು ಮರೆಯಬಾರದು.

ಇನ್ನು ತೆಗೆದುಕೊಂಡದ್ದು. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದ ಬಳಿ ವೃಷಭಾವತಿ ಹುಟ್ಟುತ್ತದೆ ಅನ್ನೋದು ಹಿರಿಯರ ಮಾತು. ಅದೇ ಬಸವಣ್ಣನ ಮುಂದೆ ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ. ರೈತ ಮೊದಲ ಫಸಲು ದೇವರಿಗೆ ಒಪ್ಪಿಸುವ ಹಬ್ಬ ಅದು. ಇಂದೂ ಜನ ಕಿಕ್ಕಿರಿದು ಸೇರುತ್ತಾರೆ. ಆದರೆ ಅಲ್ಲಿ ಹುಟ್ಟಿದ ಹೊಳೆ ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು ಕೆಂಗೇರಿಗೆ ಬರುವ ಹೊತ್ತಿಗೆ ಚರಂಡಿಯಾಗಿರುತ್ತದೆ. ಮುಂದೆ ಬೈರಮಂಗಲ ಕೆರೆಗೆ ಬೀಳುತ್ತದೆ. ಆ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದವರು ಈಗ ಹೆಚ್ಚಾಗಿ ಸೀಮೆ ಹುಲ್ಲು, ಹಿಪ್ಪುನೇರಳೆ, ಬೇಬಿ ಕಾರ್ನ್ ಬೆಳೆಯುತ್ತಾರೆ. ಪಟ್ಟಣ ನಮ್ಮ ಪರಿಷೆಯನ್ನು ಉಳಿಸಿಕೊಂಡಿತು, ನಮ್ಮ ಹೊಳೆಯನ್ನು ಉಳಿಸಲಿಲ್ಲ.

ಕಾವೇರಿ ನೀರೂ ಅಷ್ಟೇ. ಭಾವನ ಕಡೆ ಹರಿಯುವ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ಬೆಂಗಳೂರಿಗೆ ತರುತ್ತಾರೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೇ ಹಂತ. ಕುಡಿಯುವ ನೀರಿಗೆ ಯಾರೂ ಬೇಡ ಅನ್ನೋದಿಲ್ಲ. ಕುಡಿದು ಬಿಟ್ಟ ನೀರು ನಮ್ಮ ಕಡೆಗೆ ಯಾವ ಬಣ್ಣದಲ್ಲಿ ಬರುತ್ತದೆ ಅನ್ನೋದನ್ನು ಯಾರಾದರೂ ನೋಡಬೇಕಲ್ಲ?

ಭೂಮಿಯ ವಿಚಾರವನ್ನು ಮೆಟ್ರೋ ನಿಲ್ದಾಣಗಳ ಬೋರ್ಡೇ ಹೇಳುತ್ತದೆ. ಹೊಸಹಳ್ಳಿ, ಅತ್ತಿಗುಪ್ಪೆ, ನಾಯಂಡಹಳ್ಳಿ, ಚಲ್ಲಘಟ್ಟ. ಹಳ್ಳಿ ಹೋಯಿತು, ಹೆಸರು ನಿಂತಿತು. ಮೆಟ್ರೋ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂತು. ಅದೇ 2023ರಲ್ಲಿ ಮೈಸೂರಿಗೆ ಹತ್ತು ಪಥದ ರಸ್ತೆ ಉದ್ಘಾಟನೆಯಾಯಿತು. ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು ಮುಖ್ಯ ರಸ್ತೆ ಹತ್ತುವ ಹಾಗಿಲ್ಲ ಅಂತ ಆದೇಶವಾಯಿತು. ಭೂಮಿ ಕೊಟ್ಟವನಿಗೆ ಸರ್ವಿಸ್ ರಸ್ತೆ! 2025ರಲ್ಲಿ ಬಿಡದಿ ಕಡೆ ಹೊಸ ಟೌನ್‌ಶಿಪ್ಪಿಗೆ ಭೂಸ್ವಾಧೀನ ಅಂತ ಬೈರಮಂಗಲ ಸುತ್ತಿನ ರೈತರು ಬೀದಿಗಿಳಿದರು. ಆ ವರ್ಷವೇ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು.

ದಸರಾ ಮೈಸೂರಿನದು, ಕುಂಬಳಕಾಯಿ ನಮ್ಮದು

ಇನ್ನು ಜಗಲಿಯ ಮೇಲಿನ ಬೂದುಗುಂಬಳದ ವಿಚಾರ. ದಸರಾ ಅಂದರೆ ಮೈಸೂರು. ಜಂಬೂ ಸವಾರಿ ನೋಡಲು ದೇಶದ ಜನ ಅಲ್ಲಿ ಸೇರುತ್ತಾರೆ. ಆದರೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಯುವುದು ಎಲ್ಲಿ? ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಲೇತು, ಪ್ರೆಸ್ಸು, ವೆಲ್ಡಿಂಗ್ ಶೆಡ್ಡುಗಳ ಬಾಗಿಲಲ್ಲಿ. ವಿಜಯನಗರದ ಆಟೋ, ಬೈಕುಗಳ ಮುಂದೆ. ಸಂಸ್ಕೃತಿ ಆ ಊರಿನದು, ಸಂತೆ ಈ ಊರಿನದು. ಎರಡೂ ಕೂಡುವ ಎರಡು ದಿನದಲ್ಲಿ ಸಣ್ಣ ರೈತನಿಗೆ ನಾಲ್ಕು ಕಾಸು ಸಿಗುತ್ತದೆ. ನಾನು ಇದನ್ನು ಕಂಡುಕೊಂಡದ್ದು 2023ರಲ್ಲಿ. ಜೂನ್ ಮೂರನೇ ವಾರ ಬೀಜ ಹಾಕಿದ್ದೆ. ಆ ವರ್ಷ ವಿಜಯದಶಮಿ ಅಕ್ಟೋಬರ್ 24ಕ್ಕೆ. ಕಾಯಿ ಚೆನ್ನಾಗಿ ಬಲಿತು ಬೂದಿ ಕೂತಿತ್ತು. ಮಂಡಿಗೆ ಹಾಕದೆ ರಾಜಾಜಿನಗರದ ರಸ್ತೆ ಬದಿಯಲ್ಲಿ ನಾವೇ ನಿಂತು ಮಾರಿದೆವು. ಒಂದು ಕಾಯಿಯೂ ವಾಪಸು ಬರಲಿಲ್ಲ.

2024ರಲ್ಲಿ ಆ ಜಾಗಕ್ಕೆ ರಾಗಿ ಹಾಕಿದೆ. 2025ರಲ್ಲಿ ಮತ್ತೆ ಕುಂಬಳ, ಮತ್ತೆ ಜೂನ್ ಮೂರನೇ ವಾರವೇ. ಇಲ್ಲೇ ನಾನು ಎಡವಿದ್ದು. ಆ ವರ್ಷ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂತು! ಬೂದುಗುಂಬಳಕ್ಕೆ 100ರಿಂದ 120 ದಿನ ಬೇಕು. ಹಬ್ಬದ ದಿನ ಅರ್ಧ ಕಾಯಿಗೆ ಬೂದಿಯೇ ಕೂತಿರಲಿಲ್ಲ. ಹಬ್ಬ ಮುಗಿದ ಮೇಲೆ ಕೇಳುವವರಿಲ್ಲ. ಬಲಿತ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ ಅನ್ನೋದೊಂದೇ ಸಮಾಧಾನ. ಹೋಟೆಲಿನವರಿಗೆ ಮಜ್ಜಿಗೆ ಹುಳಿಗೆ ಅಂತ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಮುಗಿಸಿದೆ. ಬೆಲೆ ಮಾತ್ರ ಹಬ್ಬದ್ದಲ್ಲ.

ತಪ್ಪು ಬೆಂಗಳೂರಿನದಲ್ಲ, ಮೈಸೂರಿನದಲ್ಲ, ಪಂಚಾಂಗ ನೋಡದ ನನ್ನದು. ಅಧಿಕ ಮಾಸ ಬಂದ ವರ್ಷ ಹಬ್ಬ ಮುಂದಕ್ಕೆ ಹೋಗುತ್ತದೆ. ಆಮೇಲಿನ ವರ್ಷಗಳಲ್ಲಿ ಹತ್ತು ಹನ್ನೊಂದು ದಿನದಂತೆ ಹಿಂದಕ್ಕೆ ಬರುತ್ತದೆ. ಆದ್ದರಿಂದ ಈಗ ನಾನು ಮಾಡುವ ಲೆಕ್ಕ ಹೀಗಿದೆ:

ಬೂದುಗುಂಬಳ: ಆಯುಧಪೂಜೆಯಿಂದ ಹಿಂದಕ್ಕೆ 120 ದಿನ ಎಣಿಸಿ ಬೀಜ ಹಾಕುವುದು.

ಚೆಂಡು ಹೂವು: ಸಸಿಗೆ ಒಂದು ತಿಂಗಳು, ನಾಟಿಯಾದ ಮೇಲೆ ಹೂವಿಗೆ ಸುಮಾರು ಎರಡು ತಿಂಗಳು. ಒಟ್ಟು 90 ದಿನ. ಒಂದೇ ಸಲ ನೆಡದೆ ವಾರದ ಅಂತರದಲ್ಲಿ ಎರಡು ಪಾಲು.

ಅವರೆ: ಸಂಕ್ರಾಂತಿಯ ಮುಂಚೆ ಸೊಗಡು ಬರುವ ಹಾಗೆ. ಬಸವೇಶ್ವರನಗರದ ಮನೆಗಳಲ್ಲಿ ಹಿತಕಿದ ಬೇಳೆಗೆ ಸೊಗಡಿನ ಕಾಯಿಯನ್ನೇ ಕೇಳುತ್ತಾರೆ.

ಉಳಿದ ದಿನಗಳಲ್ಲಿ ದೊಡ್ಡ ಮಾರ್ಕೆಟ್ಟು ಹೇಳಿದ ಬೆಲೆಗೆ ತಲೆ ಬಾಗಿಸಲೇಬೇಕು. ಹಬ್ಬದ ದಿನ ಮಾತ್ರ ಕೊಳ್ಳುವವನೇ ನಮ್ಮನ್ನು ಹುಡುಕಿಕೊಂಡು ಬರುತ್ತಾನೆ.

ಕೊನೆಗೆ ಉಳಿದ ಪ್ರಶ್ನೆ

ನನ್ನ ತಮ್ಮ ತನ್ನ ಪಾಲಿನ ಜಮೀನು ಮಾರಿ ಹದಿನೈದು ವರ್ಷವಾಯಿತು. ಮನೆ ಕಟ್ಟಿದ, ಮಗಳ ಮದುವೆ ಮಾಡಿದ, ಉಳಿದದ್ದು ಹೇಗೆ ಹೋಯಿತೋ ಅವನಿಗೂ ತಿಳಿಯದು. ಈಗ ರಾಗಿಯನ್ನು ಅಂಗಡಿಯಲ್ಲಿ ಕೊಳ್ಳುತ್ತಾನೆ. ನನ್ನ ಮಗನೂ ಕೇಳುತ್ತಾನೆ, "ಅಪ್ಪ, ಇನ್ನೂ ಎಷ್ಟು ದಿನ?" ಅವನು ಕೇಳುವುದರಲ್ಲಿ ತಪ್ಪಿಲ್ಲ. ಒಂದು ಎಕರೆಗೆ ದಲ್ಲಾಳಿ ಹೇಳುವ ಬೆಲೆಯನ್ನು ನಾನು ಜೀವಮಾನವಿಡೀ ಕುಂಬಳಕಾಯಿ ಮಾರಿದರೂ ಕಾಣಲಾರೆ.

ಭಾವ ಹೊರಡುವ ದಿನ ಇದನ್ನೇ ಕೇಳಿದೆ. ಅವರು ಹೇಳಿದರು, "ನೋಡಪ್ಪ, ಮೈಸೂರು ನಮಗೆ ಹೆಸರು ಕೊಡ್ತು, ಬೆಂಗಳೂರು ದುಡ್ಡು ಕೊಡ್ತು. ಎರಡನ್ನೂ ಈಸ್ಕೊಳ್ಳೋಕೆ ಕೈಲಿ ಏನಾದ್ರೂ ಬೆಳೆ ಇರಬೇಕಲ್ಲ. ಹೊಲ ಹೋದ್ಮೇಲೆ ಯಾವ ಊರು ದೊಡ್ಡದಾದ್ರೇನು?"

ಸದ್ಯಕ್ಕೆ ಮಗನೊಂದಿಗೆ ಒಂದು ಒಪ್ಪಂದವಾಗಿದೆ. ಮೂರು ವರ್ಷ ಹಬ್ಬದ ಲೆಕ್ಕದಲ್ಲಿ ಬೆಳೆ ಮಾಡುವುದು, ಮಾರುವ ಕೆಲಸ ಅವನದು, ಖರ್ಚು-ವರಮಾನ ಬರೆದಿಡುವುದೂ ಅವನದೇ. ಮೂರು ವರ್ಷ ಆದ ಮೇಲೆ ಆ ಪುಸ್ತಕ ತೆಗೆದು ಇಬ್ಬರೂ ಕೂತು ತೀರ್ಮಾನ ಮಾಡುವುದು. ಅಲ್ಲಿಯವರೆಗೆ ದಲ್ಲಾಳಿಗೆ ಕಾಫಿ ಕೊಡುತ್ತೇವೆ, ಪಹಣಿ ತೋರಿಸುವುದಿಲ್ಲ.

ಪಟ್ಟಣದ ಅಂಚಿನಲ್ಲಿ ಜಮೀನು ಉಳಿಸಿಕೊಂಡವರು ಬೇರೆ ಕಡೆಯೂ ಇದ್ದೀರಿ. ಹುಬ್ಬಳ್ಳಿಯ ಪಕ್ಕ, ಮಂಗಳೂರಿನ ಪಕ್ಕ, ದಾವಣಗೆರೆಯ ಪಕ್ಕ. ನೀವು ಯಾವ ಹಬ್ಬಕ್ಕೆ ಏನು ಬೆಳೆಯುತ್ತೀರಿ, ಎಲ್ಲಿ ಮಾರುತ್ತೀರಿ ಅನ್ನೋದನ್ನು ಬರೆಯಿರಿ. ನನ್ನ ಮಗನಿಗೆ ಓದಿ ಹೇಳಬೇಕು.