ಮಣಿಕಟ್ಟಿನ ಮೇಲೆ ಮೂರು ಬೆರಳು: ಚೀನೀ ನಾಡಿ ಪರೀಕ್ಷೆಯ ಕ್ರಮ ಮತ್ತು ಮಿತಿ

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ರೋಗನಿರ್ಣಯಕ್ಕೆ ನಾಲ್ಕು ಮಾರ್ಗಗಳಿವೆ: ಮುಖ, ನಾಲಿಗೆಗಳನ್ನು ನೋಡುವುದು, ಧ್ವನಿ ಹಾಗೂ ವಾಸನೆಗಳನ್ನು ಗಮನಿಸುವುದು, ಪ್ರಶ್ನಿಸುವುದು ಮತ್ತು ಮುಟ್ಟಿ ಪರೀಕ್ಷಿಸುವುದು. ಕೊನೆಯ ಮಾರ್ಗದಲ್ಲಿ ನಾಡಿ ಪರೀಕ್ಷೆಗೇ ಪ್ರಾಧಾನ್ಯ. ಪ್ರಾಚೀನ ಗ್ರಂಥವಾದ ‘ಹುವಾಂಗ್‌ಡಿ ನೇಜಿಂಗ್’ ತಲೆ, ಕೈ, ಕಾಲುಗಳಲ್ಲಿ ಒಟ್ಟು 9 ಕಡೆ ನಾಡಿ ನೋಡುವ ಕ್ರಮವನ್ನು ಹೇಳಿದರೆ, ಅನಂತರದ ‘ನಾನ್ ಜಿಂಗ್’ ಮಣಿಕಟ್ಟಿನ ನಾಡಿಯಿಂದಲೇ ಇಡೀ ದೇಹದ ಸ್ಥಿತಿಯನ್ನು ಅರಿಯಬಹುದೆಂದು ಪ್ರತಿಪಾದಿಸಿತು. ಕ್ರಿ.ಶ. 3ನೆಯ ಶತಮಾನದಲ್ಲಿ ವಾಂಗ್ ಷುಹೆ ತನ್ನ ‘ಮೈ ಜಿಂಗ್’ ಗ್ರಂಥದಲ್ಲಿ 24 ಬಗೆಯ ನಾಡಿಗಳನ್ನು ವಿಂಗಡಿಸಿ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟನು; 1564ರಲ್ಲಿ ಲಿ ಷಿಝೆನ್ ಆ ಸಂಖ್ಯೆಯನ್ನು 27ಕ್ಕೆ ಏರಿಸಿದನು.

ವೈದ್ಯನು ಹೆಬ್ಬೆರಳಿನ ಬದಿಯಲ್ಲಿ, ಮುಂಗೈ ಮೂಳೆಯ ಉಬ್ಬಿನ ಪಕ್ಕಕ್ಕೆ ನಡುಬೆರಳನ್ನಿಟ್ಟು, ಅಂಗೈ ಕಡೆಗೆ ತೋರುಬೆರಳನ್ನೂ ಮೊಣಕೈ ಕಡೆಗೆ ಉಂಗುರ ಬೆರಳನ್ನೂ ಇರಿಸಿ, ಪ್ರತಿ ಸ್ಥಾನವನ್ನೂ ಹಗುರವಾಗಿ, ಮಧ್ಯಮವಾಗಿ, ಗಟ್ಟಿಯಾಗಿ ಒತ್ತಿ ನೋಡುತ್ತಾನೆ. ಪ್ರಚಲಿತ ಪದ್ಧತಿಯಂತೆ ಎಡಗೈಯ ಮೂರು ಸ್ಥಾನಗಳು ಹೃದಯ, ಯಕೃತ್ತು, ಮೂತ್ರಪಿಂಡಗಳಿಗೂ ಬಲಗೈಯವು ಶ್ವಾಸಕೋಶ, ಗುಲ್ಮ, ಮೂತ್ರಪಿಂಡಗಳಿಗೂ ಸಂಬಂಧಿಸಿವೆ. ಹಗುರವಾಗಿ ಮುಟ್ಟಿದೊಡನೆ ಸಿಗುವುದು ತೇಲುವ ನಾಡಿ, ಒತ್ತಿದರೆ ಮಾತ್ರ ಸಿಗುವುದು ಮುಳುಗಿದ ನಾಡಿ. ವಾದ್ಯದ ತಂತಿಯಂತೆ ಬಿಗಿದಿರುವುದನ್ನು ತಂತಿ ನಾಡಿಯೆಂದೂ, ನುಣುಪಾಗಿ ಉರುಳುವಂತಿರುವುದನ್ನು ಜಾರುವ ನಾಡಿಯೆಂದೂ ಕರೆದು, ಎರಡನೆಯದನ್ನು ಗರ್ಭಿಣಿಯರಲ್ಲಿ ಸಹಜವೆಂದು ಎಣಿಸುತ್ತಾರೆ.

ವೇಗವನ್ನು ಅಳೆಯಲು ವೈದ್ಯನ ಉಸಿರೇ ಮಾನದಂಡವಾಗಿತ್ತು: ಒಂದು ಉಸಿರಾಟಕ್ಕೆ 4 ಅಥವಾ 5 ಬಡಿತ ಸಹಜ, 3 ಅಥವಾ ಅದಕ್ಕಿಂತ ಕಡಿಮೆಯಾದರೆ ನಿಧಾನ, 6 ಅಥವಾ ಹೆಚ್ಚಾದರೆ ಶೀಘ್ರ. ಯೂರೋಪಿಗೆ ತಲುಪಿದ್ದ ಚೀನೀ ನಾಡಿವಿದ್ಯೆಯಲ್ಲಿ ಆಸಕ್ತಿ ತಳೆದಿದ್ದ ಇಂಗ್ಲೆಂಡಿನ ವೈದ್ಯ ಜಾನ್ ಫ್ಲೋಯರ್ 1707ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಿಮಿಷಕ್ಕೆ ಎಷ್ಟು ಬಡಿತವೆಂದು ಗಡಿಯಾರದಿಂದ ಎಣಿಸುವ ವಿಧಾನವನ್ನು ವಿವರಿಸಿದನು.

ಎಣಿಕೆಯು ಹೀಗೆ ಎಲ್ಲರೂ ಒಪ್ಪುವ ಅಳತೆಯಾಯಿತಾದರೂ ಬೆರಳಿನ ಅನುಭವಕ್ಕೆ ಅಂಥ ಅಳತೆ ದೊರೆಯಲಿಲ್ಲ. ನಾಡಿಯ ಸೂಕ್ಷ್ಮ ಭೇದಗಳನ್ನು ಗುರುತಿಸುವುದು ಕಠಿಣವೆಂದು ಸ್ವತಃ ವಾಂಗ್ ಷುಹೆಯೇ ಒಪ್ಪಿಕೊಂಡಿದ್ದನು. ಒಂದೇ ವ್ಯಕ್ತಿಯನ್ನು ಪರೀಕ್ಷಿಸಿದ ಬೇರೆ ಬೇರೆ ವೈದ್ಯರ ನಿರ್ಣಯಗಳು ಹಲವೊಮ್ಮೆ ಹೊಂದುವುದಿಲ್ಲವೆಂದು ಆಧುನಿಕ ಅಧ್ಯಯನಗಳು ತೋರಿಸಿವೆ. ಮಣಿಕಟ್ಟಿನ ಒಂದೊಂದು ಬಿಂದು ಒಂದೊಂದು ಅಂಗವನ್ನು ಸೂಚಿಸುತ್ತದೆಂಬುದಕ್ಕೆ ಶರೀರಶಾಸ್ತ್ರದ ಆಧಾರವೂ ಇಲ್ಲ. ಆದಕಾರಣ ರಕ್ತಪರೀಕ್ಷೆ, ಇಸಿಜಿಗಳ ಬದಲಿಗೆ ಇದನ್ನೇ ನಂಬುವುದು ಅಪಾಯಕರ. ಆದರೂ ಯಂತ್ರಗಳಿಲ್ಲದ ಕಾಲದಲ್ಲಿ ನಾಡಿಯ ಆಳ, ವೇಗ, ಲಯ, ಬಲಗಳನ್ನು ಪ್ರತ್ಯೇಕಿಸಿ, ಪ್ರತಿಯೊಂದಕ್ಕೂ ಹೆಸರಿಟ್ಟು, ಸ್ಪರ್ಶದ ಅರಿವನ್ನು ಇತರರಿಗೆ ಕಲಿಸಬಹುದಾದ ವಿದ್ಯೆಯನ್ನಾಗಿ ಮಾಡಲು ಆ ವೈದ್ಯರು ಪಟ್ಟ ಶ್ರಮವು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಗೌರವಕ್ಕೆ ಅರ್ಹವಾಗಿದೆ.