ಕಪ್ಪೆ ಮೈಮೇಲಿನ ಬ್ಯಾಕ್ಟೀರಿಯಾನೇ ಅದರ ಕಾವಲು: ಜಗತ್ತಿನ ಕಪ್ಪೆ ಕೊಂದ ಬೂಸ್ಟು ರೋಗ ಇಲ್ಲಿ ಯಾಕೆ ಸೋತಿದೆ?

ಒಂದು ಜೋರು ಮಳೆ ಬಿದ್ದರೆ ಸಾಕು. ದೊಡ್ಡಬಳ್ಳಾಪುರದಿಂದ ಹೊಸಕೋಟೆವರೆಗೆ ಕುಂಟೆ, ಕೃಷಿಹೊಂಡ, ಖಾಲಿ ಸೈಟಲ್ಲಿ ನಿಂತ ನೀರು ಎಲ್ಲಾ ಕಡೆ ರಾತ್ರಿಯೆಲ್ಲಾ ಕಪ್ಪೆಗಳ ವಟವಟ. ನಮಗೆ ಇದು ಮಾಮೂಲಿ. ಆದರೆ ಜಗತ್ತಿನ ಎಷ್ಟೋ ಕಾಡು, ಹಳ್ಳಗಳಲ್ಲಿ ಈ ಸದ್ದು ಈಗ ಇಲ್ಲ. ಅದನ್ನು ನಿಲ್ಲಿಸಿದ್ದು ಕಣ್ಣಿಗೆ ಕಾಣದ ಒಂದು ಶಿಲೀಂಧ್ರ, ನಮ್ಮ ಮಾತಲ್ಲಿ ಹೇಳೋದಾದ್ರೆ ಬೂಸ್ಟು.

ಅದೇ ಬೂಸ್ಟು ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳ ಮೈಮೇಲೂ ಪತ್ತೆಯಾಗಿದೆ. ಹಾಗಿದ್ದರೂ ಬೇರೆ ದೇಶಗಳಂತೆ ಇಲ್ಲಿ ಕಪ್ಪೆಗಳು ರಾಶಿ ರಾಶಿ ಸತ್ತ ವರದಿ ಬಂದಿಲ್ಲ. ಯಾಕೆ ಅನ್ನೋದಕ್ಕೆ ವಿಜ್ಞಾನಿಗಳು ಹುಡುಕುತ್ತಿರುವ ಉತ್ತರದ ಒಂದು ಭಾಗ ಕಪ್ಪೆಯ ಚರ್ಮದ ಮೇಲಿರುವ ಬ್ಯಾಕ್ಟೀರಿಯಾದಲ್ಲಿದೆ. ಆ ಬ್ಯಾಕ್ಟೀರಿಯಾ ಬರೋದು ನಮ್ಮ ಕೆರೆಯ ನೀರು, ನಮ್ಮ ಹೊಲದ ಮಣ್ಣಿನಿಂದ. ಹಾಗಾಗಿ ಇದು ಕಾಡಿನ ಸುದ್ದಿ ಮಾತ್ರ ಅಲ್ಲ.

ಕಾರ್ಕಳದ ಕಪ್ಪೆ ಮೇಲೆ ಅಣಬೆ

2023ರ ಜೂನ್‌ನಲ್ಲಿ ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ಮಾಳದಲ್ಲಿ ರಸ್ತೆ ಬದಿಯ ಸಣ್ಣ ಹೊಂಡವೊಂದರ ಹತ್ತಿರ ಡಬ್ಲ್ಯುಡಬ್ಲ್ಯುಎಫ್-ಇಂಡಿಯಾದ ಲೋಹಿತ್ ವೈ.ಟಿ. ಮತ್ತು ಸ್ನೇಹಿತರು ಕಪ್ಪೆ ನೋಡಲು ಹೋಗಿದ್ದರು. ಬಂಗಾರದ ಬಣ್ಣದ ಬೆನ್ನಿನ ಒಂದು ಕಪ್ಪೆಯ ಪಕ್ಕೆಯಿಂದ ಪುಟ್ಟ ಅಣಬೆ ಎದ್ದು ನಿಂತಿತ್ತು. ಕಪ್ಪೆ ಜೀವಂತವಾಗೇ ಇತ್ತು. 2024ರ ಆರಂಭದಲ್ಲಿ ಫೋಟೊ ಪ್ರಕಟವಾದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಅದು ಕೊಳೆತ ಮರದ ಮೇಲೆ ಬೆಳೆಯುವ ಮೈಸೀನಾ ಜಾತಿಯ ಅಣಬೆ ಎಂದು ತಜ್ಞರು ಗುರುತಿಸಿದರು.

ಈ ಅಣಬೆಯೇ ಕಪ್ಪೆ ಕೊಲ್ಲುವ ರೋಗ ಅಲ್ಲ. ಆದರೆ ಕಪ್ಪೆಯ ಒದ್ದೆ ಚರ್ಮದಲ್ಲಿ ಶಿಲೀಂಧ್ರ ಬೇರೂರಲು ಎಷ್ಟು ಅನುಕೂಲ ಅನ್ನೋದನ್ನು ಆ ಒಂದು ಫೋಟೊ ತೋರಿಸಿತು.

ಕೊಲ್ಲುವ ಬೂಸ್ಟು ಯಾವುದು?

ಅದರ ಹೆಸರು ಕಿಟ್ರಿಡ್ ಶಿಲೀಂಧ್ರ. ಆಸ್ಟ್ರೇಲಿಯಾ ಮತ್ತು ಪನಾಮಾದಲ್ಲಿ ಕಪ್ಪೆಗಳು ಸಾಯಲು ಇದೇ ಕಾರಣ ಎಂದು 1998ರಲ್ಲಿ ಗೊತ್ತಾಯಿತು. ಮರುವರ್ಷ ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು. 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಈ ರೋಗದಿಂದ ಕನಿಷ್ಠ 501 ಜಾತಿಯ ಉಭಯವಾಸಿಗಳ ಸಂಖ್ಯೆ ಕುಸಿದಿದೆ. ಅದರಲ್ಲಿ 90 ಜಾತಿಗಳು ಪೂರ್ತಿ ನಾಶವಾಗಿವೆ ಎಂದೇ ಅಂದಾಜು. ಇದು ಮನುಷ್ಯರಿಗೋ ದನಕರುಗಳಿಗೋ ಅಂಟುವ ರೋಗ ಅಲ್ಲ.

ರೇಷ್ಮೆ ಬೆಳೆಗಾರರಿಗೆ ಸುಣ್ಣಕಟ್ಟು ರೋಗ ಗೊತ್ತು. ಶಿಲೀಂಧ್ರ ಹುಳದ ಚರ್ಮ ತೂರಿ ಒಳಗೆ ಹೋಗಿ ಅದನ್ನು ಸೀಮೆಸುಣ್ಣದ ಕಡ್ಡಿಯಂತೆ ಗಟ್ಟಿ ಮಾಡಿಬಿಡುತ್ತೆ. ಕಿಟ್ರಿಡ್ ಕೆಲಸ ಮಾಡೋ ರೀತಿ ಸ್ವಲ್ಪ ಬೇರೆ. ಅದರ ಬೀಜಾಣುಗಳಿಗೆ ಬಾಲ ಇದೆ, ನೀರಲ್ಲಿ ಈಜಿಕೊಂಡು ಬಂದು ಕಪ್ಪೆಯ ಚರ್ಮಕ್ಕೆ ಅಂಟುತ್ತವೆ.

ಕಪ್ಪೆ ಬಾಯಲ್ಲಿ ನೀರು ಕುಡಿಯಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತೆ. ಉಸಿರಾಟದ ಒಂದು ಪಾಲೂ ಚರ್ಮದ ಮೂಲಕವೇ. ದೇಹದ ಉಪ್ಪಿನಂಶದ ಲೆಕ್ಕ ಸರಿಯಾಗಿಡೋದೂ ಚರ್ಮವೇ. ಬೂಸ್ಟು ಹಿಡಿದರೆ ಈ ಲೆಕ್ಕ ತಪ್ಪುತ್ತೆ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿಯುತ್ತೆ, ಕೊನೆಗೆ ಹೃದಯ ನಿಲ್ಲುತ್ತೆ. ಗೊದಮೊಟ್ಟೆಗಳು ಸಾಮಾನ್ಯವಾಗಿ ಬಚಾವಾಗುತ್ತವೆ. ಯಾಕಂದ್ರೆ ಈ ಶಿಲೀಂಧ್ರಕ್ಕೆ ಬೇಕಾದ ಕೆರಾಟಿನ್ ಅವುಗಳ ಬಾಯಿಯ ಭಾಗದಲ್ಲಿ ಮಾತ್ರ ಇರುತ್ತೆ. ಬೆಳೆದು ಕಪ್ಪೆಯಾಗುವಾಗ ಮೈತುಂಬ ರೋಗ ಹರಡುತ್ತೆ.

ಕಾವಲು ಕಾಯೋ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾ ಅಂದ ತಕ್ಷಣ ರೋಗ ಅಂದುಕೊಳ್ಳೋದು ಸಹಜ. ಆದರೆ ರೈತರಿಗೆ ಇದರ ಇನ್ನೊಂದು ಮುಖ ಗೊತ್ತಿದೆ. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳಲ್ಲಿ ಸ್ಯೂಡೋಮೊನಾಸ್ ಪುಡಿಯಿಂದ ಬೀಜೋಪಚಾರ ಮಾಡಿ, ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಅಂತ ಹೇಳ್ತಾರಲ್ಲ, ಆ ಸ್ಯೂಡೋಮೊನಾಸ್ ಒಂದು ಬ್ಯಾಕ್ಟೀರಿಯಾನೇ. ರಾಗಿಗೆ ಬೆಂಕಿ ರೋಗ ತರುವಂಥ ಶಿಲೀಂಧ್ರಗಳನ್ನು ಅದು ಹತ್ತಿಕ್ಕುತ್ತೆ.

ಕಪ್ಪೆಯ ಚರ್ಮದ ಮೇಲೂ ಇದೇ ಕಥೆ. ಅಲ್ಲೂ ಸ್ಯೂಡೋಮೊನಾಸ್ ಗುಂಪಿನವು ಸೇರಿ ನೂರಾರು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಕೆಲವು ಶಿಲೀಂಧ್ರ ಬೆಳೆಯದಂತೆ ರಾಸಾಯನಿಕ ಬಿಡುತ್ತವೆ. ಇನ್ನು ಕೆಲವು ಜಾಗ ಹಿಡಿದು ಕೂತು, ಹೊಸದಾಗಿ ಬಂದದ್ದಕ್ಕೆ ಎಡೆ ಕೊಡಲ್ಲ.

ಅಮೆರಿಕದ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ನೋಡಿದರು. ಕ್ಯಾಲಿಫೋರ್ನಿಯಾದ ಹಳದಿ ಕಾಲಿನ ಕಪ್ಪೆಗಳ ಮೈಮೇಲೆ ನೇರಳೆ ಬಣ್ಣದ ವಸ್ತು ತಯಾರಿಸುವ ಒಂದು ಬ್ಯಾಕ್ಟೀರಿಯಾ ಹೆಚ್ಚುವಂತೆ ಮಾಡಿ, ಆಮೇಲೆ ಕಿಟ್ರಿಡ್ ಸೋಂಕು ತಗುಲಿಸಿದರು. ಆ ಕಪ್ಪೆಗಳು ಬದುಕಿದವು. ಬ್ಯಾಕ್ಟೀರಿಯಾ ಸಿಗದ, ಸೋಂಕು ಮಾತ್ರ ತಗುಲಿದ ಕಪ್ಪೆಗಳಲ್ಲಿ ಬಹುತೇಕ ಸತ್ತವು. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು.

ಹಾಗಾದ್ರೆ ಅದೇ ಬ್ಯಾಕ್ಟೀರಿಯಾ ಬಾಟಲಿಗೆ ತುಂಬಿಸಿ ಎಲ್ಲಾ ಕಪ್ಪೆಗೂ ಹಚ್ಚಿದರಾಯ್ತಲ್ಲ? ಪನಾಮಾದ ಬಂಗಾರ ಕಪ್ಪೆಗೆ ಹಾಗೆ ಮಾಡಿದಾಗ ಅದು ಕೆಲವೇ ವಾರ ನಿಂತು ಮಾಯವಾಯಿತು, ಕಪ್ಪೆಗಳು ಉಳಿಯಲಿಲ್ಲ. ಒಂದು ಕಪ್ಪೆಗೆ ಒಗ್ಗಿದ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಒಗ್ಗಲೇಬೇಕು ಅಂತಿಲ್ಲ.

ಈ ಕಾವಲುಗಾರರು ಎಲ್ಲಿಂದ ಬರ್ತಾರೆ? ಕಪ್ಪೆಗಳ ಸಂಬಂಧಿಯಾದ ಸಾಲಮಾಂಡರ್‌ಗಳನ್ನು ಕೆಲವನ್ನು ಸಹಜ ಮಣ್ಣಿನ ಜೊತೆ, ಕೆಲವನ್ನು ಮಣ್ಣಿಲ್ಲದೆ ಇಟ್ಟು ನೋಡಿದಾಗ, ಮಣ್ಣಿನ ಜೊತೆ ಇದ್ದವುಗಳ ಮೈಮೇಲೆ ಬ್ಯಾಕ್ಟೀರಿಯಾಗಳ ವೈವಿಧ್ಯ ಉಳಿಯಿತು, ಮಣ್ಣಿಲ್ಲದವುಗಳಲ್ಲಿ ಬದಲಾಯಿತು. ಅಂದ್ರೆ ಸುತ್ತಲಿನ ಮಣ್ಣೇ ಈ ಕಾವಲಿನ ಖಜಾನೆ.

ನಮ್ಮ ದೇಶದ ಲೆಕ್ಕ

ಹೈದರಾಬಾದ್‌ನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಭಾರತದ ಆರು ಜಾತಿಯ ಕಪ್ಪೆಗಳ ಚರ್ಮವನ್ನು ಹತ್ತಿಕಡ್ಡಿಯಿಂದ ಒರೆಸಿ, ಅದರಲ್ಲಿದ್ದ ಡಿಎನ್‌ಎ ಪರೀಕ್ಷಿಸಿದರು. ಸಿಕ್ಕಿದ್ದು 551 ಬಗೆಯ ಬ್ಯಾಕ್ಟೀರಿಯಾ. ಅರ್ಧಕ್ಕಿಂತ ಹೆಚ್ಚು, ಅಂದ್ರೆ ಶೇ. 51.7ರಷ್ಟು, ಕಿಟ್ರಿಡ್ ವಿರುದ್ಧ ಕೆಲಸ ಮಾಡುವ ಬ್ಯಾಕ್ಟೀರಿಯಾಗಳ ಸಾಲಿಗೆ ಸೇರಿದವು. ಪರೀಕ್ಷಿಸಿದ ಯಾವ ಕಪ್ಪೆಯಲ್ಲೂ ಕಿಟ್ರಿಡ್ ಸಿಗಲಿಲ್ಲ. 2021ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಬ್ಯಾಕ್ಟೀರಿಯಾ ಒಂದೇ ಕಾರಣ ಅಂತ ಯಾರೂ ಹೇಳ್ತಿಲ್ಲ. ಈ ಶಿಲೀಂಧ್ರದ ಮೂಲ ಪೂರ್ವ ಏಷ್ಯಾ ಎಂದು 2018ರ ಅಧ್ಯಯನವೊಂದು ಹೇಳಿದೆ. ಏಷ್ಯಾದ ಕಪ್ಪೆಗಳು ಬಹಳ ಕಾಲದಿಂದ ಇದರ ಜೊತೆ ಬದುಕಿ ಒಗ್ಗಿಕೊಂಡಿರಬಹುದು. ಬೇರೆ ಖಂಡಗಳಿಗೆ ಇದು ಹಬ್ಬಿದ್ದು ಮುಖ್ಯವಾಗಿ ಮನುಷ್ಯರ ವ್ಯಾಪಾರದಿಂದ, ಜೀವಂತ ಕಪ್ಪೆಗಳ ಸಾಗಾಟದ ಜೊತೆಗೆ.

ನಮ್ಮ ತಾಲ್ಲೂಕುಗಳಿಗೆ ಏನು ಸಂಬಂಧ?

2020ರಲ್ಲಿ ದೊಡ್ಡಬಳ್ಳಾಪುರ ರಸ್ತೆಯ ರಾಜಾನುಕುಂಟೆ ಸುತ್ತಮುತ್ತ ನೆಲ ಕೊರೆದು ಬದುಕುವ ಒಂದು ಕಪ್ಪೆ ವಿಜ್ಞಾನಕ್ಕೇ ಹೊಸದು ಎಂದು ಗೊತ್ತಾಯಿತು. ಅದರ ಜಾತಿಗೆ 'ಬೆಂಗಳೂರು' ಎಂದೇ ಹೆಸರಿಟ್ಟರು. ಬೀಳು ಜಮೀನು ಅಂತ ನಾವು ಬಿಡೋ ಜಾಗದಲ್ಲೇ ಅದು ಇಷ್ಟು ದಿನ ಬದುಕಿತ್ತು. ಅಂಥ ಜಾಗವೆಲ್ಲ ಈಗ ಲೇಔಟ್ ಆಗುತ್ತಿದೆ.

ಇನ್ನು ನೀರು. ಅರ್ಕಾವತಿ ಪಾತ್ರದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ಕೊಳಚೆ ನೀರು, ಕೈಗಾರಿಕೆಗಳ ತ್ಯಾಜ್ಯ ಸೇರುವುದರ ವಿರುದ್ಧ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕುಡಿಯುವ ನೀರಿನ ಪ್ರಶ್ನೆಯೇ ದೊಡ್ಡದು, ನಿಜ. ಆದರೆ ಕಪ್ಪೆ ಅದೇ ನೀರನ್ನು ಚರ್ಮದಿಂದ ಕುಡಿಯುತ್ತೆ. ಕಾರ್ಬರಿಲ್ ಎಂಬ ಕೀಟನಾಶಕ ತಗುಲಿದ ಕಪ್ಪೆಗಳಲ್ಲಿ, ಚರ್ಮವೇ ತಯಾರಿಸುವ ರೋಗನಿರೋಧಕ ಅಂಶ ಕಡಿಮೆಯಾಗಿದ್ದನ್ನು ಅಮೆರಿಕದ ಅಧ್ಯಯನವೊಂದು 2007ರಲ್ಲೇ ತೋರಿಸಿದೆ. ಬೂಸ್ಟು ಬರೋದಕ್ಕಿಂತ ಮೊದಲೇ ಕಾವಲು ದುರ್ಬಲ ಆದರೆ, ಬಂದ ದಿನ ತಡೆಯೋರು ಯಾರು?

ಕಪ್ಪೆ ಹೋದರೆ ನಷ್ಟ ಯಾರಿಗೆ ಅನ್ನೋದಕ್ಕೂ ಉದಾಹರಣೆ ಇದೆ. ಕೋಸ್ಟರಿಕಾ, ಪನಾಮಾದಲ್ಲಿ ಈ ರೋಗದಿಂದ ಕಪ್ಪೆಗಳು ಕುಸಿದ ಪ್ರದೇಶಗಳಲ್ಲಿ ಮುಂದಿನ ವರ್ಷಗಳಲ್ಲಿ ಮಲೇರಿಯಾ ಹೆಚ್ಚಾಯಿತು ಎಂದು 2022ರ ಅಧ್ಯಯನ ಲೆಕ್ಕ ಹಾಕಿದೆ. ಸೊಳ್ಳೆ ಮರಿ ತಿನ್ನೋರು ಇಲ್ಲವಾದರೆ ಸೊಳ್ಳೆ ಹೆಚ್ಚುತ್ತೆ.

ನಾವು ಏನು ಮಾಡಬಹುದು?

- ಔಷಧಿ ಹೊಡೆದ ಕ್ಯಾನು, ಪಂಪನ್ನು ಕೆರೆ, ಕುಂಟೆ, ಕಾಲುವೆಯಲ್ಲಿ ತೊಳೆಯಬೇಡಿ. ಖಾಲಿ ಡಬ್ಬಿ ಅಲ್ಲೇ ಎಸೆಯಬೇಡಿ. ಔಷಧಿ ಅಂಗಡಿಯವರು ಮಾರುವಾಗ ಈ ಒಂದು ಮಾತು ಹೇಳಿದರೂ ದೊಡ್ಡ ಸಹಾಯ.
- ಅಕ್ವೇರಿಯಂ ಅಂಗಡಿಯವರು, ಮನೆಯಲ್ಲಿ ಮೀನು ಸಾಕುವವರು ತೊಟ್ಟಿಯ ನೀರು, ಬೇಡವಾದ ಮೀನು ಅಥವಾ ವಿದೇಶಿ ಕಪ್ಪೆಯನ್ನು ಕೆರೆಗೆ ಬಿಡಬೇಡಿ. ಹೊಸ ತಳಿಯ ಬೂಸ್ಟು ಬರೋದು ಇಂಥ ದಾರಿಯಲ್ಲೇ.
- ಒಂದು ಊರಿನ ಕಪ್ಪೆ, ಗೊದಮೊಟ್ಟೆಯನ್ನು ಇನ್ನೊಂದು ಊರಿಗೆ ಒಯ್ಯಬೇಡಿ. ಮಳೆಗಾಗಿ ಕಪ್ಪೆ ಮದುವೆ ಮಾಡುವ ಊರುಗಳಲ್ಲಿ ಒದ್ದೆ ಕೈಯಲ್ಲಿ ಹಿಡಿದು, ಶಾಸ್ತ್ರ ಬೇಗ ಮುಗಿಸಿ, ತಂದ ಕೆರೆಗೇ ಬಿಡಿ. ಸ್ಯಾನಿಟೈಸರ್ ಹಚ್ಚಿದ ಕೈ, ಅರಿಶಿನ-ಕುಂಕುಮ ಅದರ ಚರ್ಮಕ್ಕೆ ಬೇಡ.
- ಒಂದೇ ಕಡೆ ಹತ್ತಾರು ಕಪ್ಪೆ ಸತ್ತಿರೋದು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಫೋಟೊ ತೆಗೆದು ಅರಣ್ಯ ಇಲಾಖೆಗೆ ಅಥವಾ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿ. ಈ ಸಮಿತಿ ಇರೋದೇ ಇಂಥ ಕೆಲಸಕ್ಕೆ.
- ಕೆರೆ ಅಭಿವೃದ್ಧಿ ಅಂತ ಸುತ್ತಲೂ ಕಾಂಕ್ರೀಟ್ ಗೋಡೆ ಕಟ್ಟುವಾಗ ಮಣ್ಣಿನ ಅಂಚು, ಹುಲ್ಲಿನ ಜಾಗ ಒಂದಿಷ್ಟು ಉಳಿಸಲು ಪಂಚಾಯಿತಿ ಸಭೆಯಲ್ಲಿ ಕೇಳಿ.

ರೋಗ ಬಂದ ಮೇಲೆ ಕಾಡಿನ ಕಪ್ಪೆಗೆಲ್ಲ ಔಷಧಿ ಹಚ್ಚಿ ಉಳಿಸೋದು ದುಡ್ಡಿರುವ ದೇಶಗಳಿಂದಲೂ ಆಗಿಲ್ಲ. ನಮ್ಮ ಕಪ್ಪೆಗಳಿಗೆ ಆ ರಕ್ಷಣೆ ಮಣ್ಣು, ನೀರಿನಿಂದ ಬಿಟ್ಟಿಯಾಗಿ ಸಿಗ್ತಿದೆ. ಆ ಮಣ್ಣು, ನೀರು ಕೆಡದಂತೆ ನೋಡಿಕೊಳ್ಳೋದಷ್ಟೇ ನಮ್ಮ ಪಾಲಿನ ಕೆಲಸ.