ಸೌಂಡರ್ ಚಿತ್ರಗಳಲ್ಲಿ ಬ್ಯಾಂಡಿನ ಅಂಕೆಯನ್ನು ಗುರುತಿಸುವ ಬಗೆ

ಉಪಗ್ರಹಗಳು ತೆಗೆದ ಮೋಡದ ಚಿತ್ರಗಳು ಇಂದು ದಿನಪತ್ರಿಕೆಯ ಓದುಗರಿಗೂ ಪರಿಚಿತವಾಗಿವೆ. ಆದರೆ ಸೌಂಡರ್ ಎಂಬ ಉಪಕರಣದ ಚಿತ್ರಗಳನ್ನು ಓದುವ ರೀತಿಯೇ ಬೇರೆ. ಅದು ಒಂದೇ ಪ್ರದೇಶವನ್ನು ಹತ್ತೊಂಬತ್ತು ಬಗೆಯಾಗಿ ನೋಡುತ್ತದೆ. ಚಿತ್ರದ ಅಂಚಿನ ಅಂಕೆ ಕತ್ತರಿಸಿಹೋದರೆ ಯಾವುದು ಯಾವ ಬ್ಯಾಂಡಿನದೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ.

ನಮ್ಮ ದೇಶದ ಇನ್‌ಸ್ಯಾಟ್-೩ಡಿ ಉಪಗ್ರಹವು ೨೦೧೩ರ ಜುಲೈ ೨೬ರಂದು ಸೌಂಡರನ್ನು ಹೊತ್ತು ಮೇಲೇರಿತು. ೨೦೧೬ರಲ್ಲಿ ೩ಡಿಆರ್, ೨೦೨೪ರಲ್ಲಿ ೩ಡಿಎಸ್ ಅದರ ಹಿಂದೆ ಹೋದವು. ಈ ಉಪಕರಣದಲ್ಲಿ ೧೮ ಅವಕೆಂಪು ಬ್ಯಾಂಡುಗಳೂ ಕಣ್ಣಿಗೆ ಕಾಣುವ ಬೆಳಕಿನ ಒಂದು ಬ್ಯಾಂಡೂ ಇವೆ. ಅಮೆರಿಕವು ೧೯೯೪ರಲ್ಲಿ ಹಾರಿಸಿದ ಗೋಸ್-೮ರಲ್ಲಿದ್ದ ಏರ್ಪಾಡೂ ಇಂತಹದೇ.

ಭೂಮಿಯಿಂದ ಹೊರಡುವ ಶಾಖಕಿರಣಗಳನ್ನು ಇಂಗಾಲಾಮ್ಲ ವಾಯು, ನೀರಾವಿ, ಓಜೋನ್ ಇವು ಹೀರುತ್ತವೆ. ಎಲ್ಲ ಅಲೆಯುದ್ದಗಳನ್ನೂ ಒಂದೇ ಸಮನಾಗಿ ಹೀರುವುದಿಲ್ಲ. ಹೆಚ್ಚು ಹೀರಲ್ಪಡುವ ಅಲೆಯಲ್ಲಿ ಉಪಗ್ರಹಕ್ಕೆ ಮೇಲಿನ ಹವೆ ಮಾತ್ರ ಕಾಣುತ್ತದೆ; ಹೀರಲ್ಪಡದ ಅಲೆಯಲ್ಲಿ ನೋಟ ನೆಲಕ್ಕೆ ಮುಟ್ಟುತ್ತದೆ. ಆದುದರಿಂದ ಬ್ಯಾಂಡನ್ನು ಗುರುತಿಸುವುದೆಂದರೆ ವಾಯುಮಂಡಲದ ಯಾವ ಎತ್ತರವನ್ನು ನೋಡುತ್ತಿದ್ದೇವೆಂದು ಗುರುತಿಸುವುದೇ ಆಗಿದೆ.

ಅಂಕೆಗಳು ಅಲೆಯುದ್ದ ಇಳಿಯುವ ಕ್ರಮದಲ್ಲಿವೆ. ೧ನೆಯದು ಸುಮಾರು ೧೪.೭ ಮೈಕ್ರಾನ್, ೮ನೆಯದು ೧೧, ೧೮ನೆಯದು ೩.೭. ಕೊನೆಯ ೧೯ನೆಯದು ಕಾಣುವ ಬೆಳಕಿನದು. ಎತ್ತರವು ಮಾತ್ರ ಅಂಕೆಯೊಡನೆ ಒಂದೇ ದಿಕ್ಕಿಗೆ ಸಾಗುವುದಿಲ್ಲ. ೧ರಿಂದ ೮ರವರೆಗೆ ಅಂಕೆ ಏರಿದಂತೆ ನೋಟ ಕೆಳಗಿಳಿಯುತ್ತದೆ. ನೀರಾವಿಯ ೧೦ರಿಂದ ೧೨ರವರೆಗೆ ಅಂಕೆ ಏರಿದಂತೆ ನೋಟವೂ ಮೇಲೇರುತ್ತದೆ. ೧೩ರಿಂದ ೧೫ರವರೆಗೂ ಹೀಗೆಯೇ.

ಇನ್ನು ಗುರುತುಗಳು. ಅವಕೆಂಪು ಚಿತ್ರಗಳಲ್ಲಿ ತಣ್ಣಗಿರುವುದನ್ನು ಬಿಳಿದಾಗಿಯೂ ಬೆಚ್ಚಗಿರುವುದನ್ನು ಕಪ್ಪಾಗಿಯೂ ಅಚ್ಚುಮಾಡುವುದು ರೂಢಿ. ಮೊದಲು ಕರಾವಳಿಯ ಗೆರೆಯನ್ನು ಹುಡುಕಬೇಕು. ಮೋಡವಿಲ್ಲದ ದಿನ ಕಾಸರಗೋಡಿನ ಕಡಲಂಚು ಚೊಕ್ಕವಾಗಿ ಕಂಡರೆ ಅದು ೮ ಅಥವಾ ಅದರ ನೆರೆಯದು. ಕರಾವಳಿಯೂ ಇಲ್ಲ, ತಗ್ಗಿನ ಮೋಡವೂ ಇಲ್ಲ, ಎಲ್ಲೆಡೆ ಮಾಸಲು ಬಣ್ಣವೆಂದರೆ ಅದು ೧ ಅಥವಾ ೨. ನೆಲ ಕಾಣದೆ, ಹೊಗೆಯಂತೆ ಸುತ್ತಿಸುಳಿಯುವ ಬಿಳಿ ಕಪ್ಪು ಪಟ್ಟೆಗಳಿದ್ದರೆ ೧೦, ೧೧, ೧೨ರ ಗುಂಪು. ಅವುಗಳಲ್ಲಿ ಎಲ್ಲಕ್ಕಿಂತ ತಣ್ಣನೆಯದು ೧೨. ನೆಲ ಕಂಡರೂ ೮ಕ್ಕಿಂತ ತಣ್ಣಗೆ ತೋರುವುದು ಓಜೋನಿನ ೯. ೧೭, ೧೮ರಲ್ಲಿ ಹಗಲು ಬಿಸಿಲಿನ ಪ್ರತಿಫಲನ ಬೆರೆಯುತ್ತದೆ; ತಗ್ಗಿನ ಮೋಡಗಳು ಇರುವುದಕ್ಕಿಂತ ಬೆಚ್ಚಗೆ, ಅಂದರೆ ಕಪ್ಪಾಗಿ, ಕಾಣುತ್ತವೆ. ಹಗಲಿನ ಚಿತ್ರವನ್ನೂ ರಾತ್ರಿಯದನ್ನೂ ಜೊತೆಗಿಟ್ಟರೆ ಈ ಭೇದ ಹೊಳೆಯುತ್ತದೆ. ರಾತ್ರಿ ಏನೂ ಕಾಣದಿರುವುದು ೧೯.

ಒಂದು ಎಚ್ಚರಿಕೆಯ ಮಾತು. ಬ್ಯಾಂಡಿನ ಅಂಕೆ ಹೆಸರೇ ಹೊರತು ಅಳತೆಯಲ್ಲ. ಧ್ರುವಗಳ ಮೇಲೆ ಹಾಯುವ ಅಮೆರಿಕದ ಉಪಗ್ರಹಗಳಲ್ಲಿದ್ದ ಹಿರ್ಸ್ ಎಂಬ ಸೌಂಡರಿಗೆ ೨೦ ಬ್ಯಾಂಡುಗಳು. ಕಾಣುವ ಬೆಳಕಿನದು ಅಲ್ಲಿ ೨೦ನೆಯದು. ಅದರ ೧೦ನೆಯ ಬ್ಯಾಂಡು ಮೊದಲು ೮.೨ ಮೈಕ್ರಾನಿನ ಸುಮಾರಿನಲ್ಲಿತ್ತು; ಮುಂದಿನ ಉಪಕರಣಗಳಲ್ಲಿ ೧೨.೫ರ ಸುಮಾರಿಗೆ ಬದಲಾಯಿತು. ಅಂಕೆ ಮಾತ್ರ ಹಾಗೆಯೇ ಉಳಿಯಿತು. ಇನ್‌ಸ್ಯಾಟಿನ ೧೦ ಎಂದರೆ ಸುಮಾರು ೭.೪ ಮೈಕ್ರಾನ್. ಒಂದೇ ಅಂಕೆ, ಮೂರು ಅರ್ಥ! ಆದುದರಿಂದ ಅಂಕೆಯ ಜೊತೆಗೆ ಉಪಗ್ರಹದ ಹೆಸರನ್ನೂ ಅಲೆಯುದ್ದವನ್ನೂ ಬರೆದಿಡುವುದು ಅವಶ್ಯ.

ಇಷ್ಟು ಸೂಕ್ಷ್ಮವೇಕೆಂದು ಕೆಲವರು ಕೇಳಬಹುದು. ಭರಣಿ, ಕೃತ್ತಿಕೆಯ ದಿನಗಳಲ್ಲಿ ಕೆಳಗೆ ತೇವ, ಮೇಲೆ ಒಣಹವೆ ಇದ್ದರೆ ಎಷ್ಟೋ ವೇಳೆ ಅದು ಗುಡುಗುಮಳೆಗೆ ಅನುಕೂಲ ಸ್ಥಿತಿ. ೧೨ರ ಕಪ್ಪು ಚಿತ್ರವನ್ನು ೧೦ ಎಂದು ಓದಿದವನು ಕೆಳಗಿನ ಹವೆಯೂ ಒಣಗಿದೆಯೆಂದು ಬಗೆದಾನು. ಅಂಗಳದಲ್ಲಿ ಕಾಳು ಹರವಿದ ರೈತನಿಗೂ, ಬಯಲಿನಲ್ಲಿ ಕುರಿ ಕಾಯುವವನಿಗೂ ಆ ತಪ್ಪಿನ ಬೆಲೆ ತಿಳಿಯುತ್ತದೆ.

ಅಂಕೆ ಕಳಚಿದ ನಾಲ್ಕು ಚಿತ್ರಗಳನ್ನು ಮಕ್ಕಳ ಮುಂದಿಟ್ಟು, ಕರಾವಳಿಯನ್ನು ಹುಡುಕಿರೆಂದು ಹೇಳಿದರೆ ಸಾಕು. ವಾಯುಮಂಡಲಕ್ಕೆ ಅಂತಸ್ತುಗಳುಂಟೆಂಬ ಪಾಠ ಅವರಿಗೆ ಕಣ್ಣಿನಿಂದಲೇ ಮನದಟ್ಟಾಗುವುದು.